ಬಿಸಿಲೂರಿನಲ್ಲಿ ಕಾರ್ ರೇಸು

ಮೇ ತಿಂಗಳ ಶಹಾಪುರದಲ್ಲಿ ಪಾದರಸ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಗುಡ್ಡದ ಸಾಲಿನ ‘ಮಲಗಿದ ಬುದ್ಧ’ ಕದಲುವುದಿಲ್ಲ. ಉಳಿದವರು ಫ್ಯಾನಿನ ಕೆಳಗೆ ಜಾಗ ಹುಡುಕುತ್ತಾರೆ. ಇಂಥ ಮಧ್ಯಾಹ್ನ 2005ರ ‘ನೀಡ್ ಫಾರ್ ಸ್ಪೀಡ್: ಮೋಸ್ಟ್ ವಾಂಟೆಡ್’ ಎಂಬ ಕಂಪ್ಯೂಟರ್ ಆಟ ತೆರೆದು ಕೂತ ಹುಡುಗನ ಕಾರು, ಪೊಲೀಸರು ಬೆನ್ನು ಹತ್ತಿದಾಗಲೇ ಬಿಕ್ಕಳಿಸತೊಡಗುತ್ತದೆ.

ಮೊದಲ ಆಪಾದನೆ ಕರೆಂಟಿನ ಮೇಲೆ, ಎರಡನೆಯದು ತಮ್ಮನ ಮೇಲೆ.

ಅಪರಾಧಿ ಬಹುತೇಕ ಕ್ಯಾಬಿನೆಟ್ಟಿನ ಒಳಗೇ ಇರುತ್ತಾನೆ. ಫ್ಯಾನಿನ ಗಾಳಿ ನಂಬಿದ ಯಂತ್ರ ಕೋಣೆಗಿಂತ ತಣ್ಣಗಾಗಲಾರದು. 25 ಡಿಗ್ರಿ ಕೋಣೆಯಲ್ಲಿ 75ರಲ್ಲಿದ್ದ ಪ್ರೊಸೆಸರ್, 40ರ ಕೋಣೆಯಲ್ಲಿ 90ರ ಆಸುಪಾಸಿಗೆ ಏರುತ್ತದೆ. ಹೀಟ್‌ಸಿಂಕಿಗೆ ಧೂಳು ಕಟ್ಟಿ, ಥರ್ಮಲ್ ಪೇಸ್ಟ್ ಒಣಗಿದ್ದರೆ ಕತೆ ಮುಗಿಯಿತು: 100ರ ಹತ್ತಿರ ಬಂದ ಚಿಪ್ಪು ಜೀವ ಉಳಿಸಿಕೊಳ್ಳಲು ತಾನೇ ವೇಗ ಇಳಿಸುತ್ತದೆ. ಪರದೆಯ ಕಾರು ಎತ್ತಿನ ಬಂಡಿಯಾಗುತ್ತದೆ.

ಹಳೆಯ ಆಟಕ್ಕೆ ಇಷ್ಟು ಬಿಸಿಯೇಕೆ? ಲಗಾಮಿಲ್ಲದ ಗ್ರಾಫಿಕ್ಸ್ ಕಾರ್ಡು ಸುಮ್ಮನೆ ನಿಂತ ಮೆನುವನ್ನೂ ಸೆಕೆಂಡಿಗೆ ನೂರಾರು ಸಲ ಬಿಡಿಸುತ್ತದೆ. ಇಂಥ ಅತಿ ವಿಧೇಯತೆ ಯಾರಿಗೂ ಒಳ್ಳೆಯದಲ್ಲ. ವಿ-ಸಿಂಕ್ ಹಾಕಿ ಸೆಕೆಂಡಿಗೆ 60 ಫ್ರೇಮಿಗೆ ಕಟ್ಟಿದರೆ ಕಾಲು ಭಾಗ ಪುಣ್ಯ ಅಲ್ಲೇ ಬಂತು.

ಆದರೆ ಇದೇ ಸರಣಿಯ 2013ರ ‘ರೈವಲ್ಸ್’ ಬೇರೆ ಜಾತಿ. ಅದು 30 ಫ್ರೇಮಿಗೇ ಕಟ್ಟಿದ ಆಟ. ಸಿಮ್ಯುಲೇಷನ್ ದರ ಬದಲಿಸದೆ 60ಕ್ಕೆ ಬಿಚ್ಚಿದರೆ ಇಡೀ ಆಟವೇ ದುಪ್ಪಟ್ಟು ಓಡುತ್ತದೆ, ಪೊಲೀಸರ ಸಮೇತ.

ಆದ್ದರಿಂದ ಮೊದಲು ಉಷ್ಣಾಂಶ ನೋಡಬೇಕು, ಆಮೇಲೆ ಬ್ರಷ್ಷು. ಧೂಳು ಊದುವಾಗ ಫ್ಯಾನು ಗಿರಗಿರ ತಿರುಗದಂತೆ ರೆಕ್ಕೆ ಹಿಡಿದಿರಬೇಕು. ಕ್ಯಾಬಿನೆಟ್ಟಿನ ಬಾಗಿಲು ತೆಗೆದು ಟೇಬಲ್ ಫ್ಯಾನು ತಿರುಗಿಸುವ ಉಪಾಯವೂ ಉಂಟು, ಮನೆಯಲ್ಲಿ ಅಜ್ಜಿ ಒಪ್ಪಿದರೆ.