ಸಂಪನ್ಮೂಲ ವ್ಯಕ್ತಿಗಳು ಬರುತ್ತಿದ್ದಾರೆ

ಕರ್ನಾಟಕದ ಯಾವ ವಿಶ್ವವಿದ್ಯಾಲಯದಲ್ಲಾದರೂ ಸರಿ, ಪಿಎಚ್.ಡಿ.ಗೆ ಹೊಸದಾಗಿ ಸೇರಿದ ಹುಡುಗ ಹುಡುಗಿಯರಿಗೆ ಮೊದಲ ವರ್ಷ ತಪ್ಪದೆ ಸಿಗುವವರು ಗೈಡ್ ಅಲ್ಲ. ಗೈಡಿಗೆ ಮೌಲ್ಯಮಾಪನ, ನ್ಯಾಕ್ ಸಮಿತಿ, ಪ್ರವೇಶಾತಿ ಎಂದು ನೂರೆಂಟು ತಾಪತ್ರಯ. ತಪ್ಪದೆ ಸಿಗುವವರು ಸಂಪನ್ಮೂಲ ವ್ಯಕ್ತಿಗಳು. 'ಸಂಶೋಧನಾ ಪ್ರಕಟಣಾ ಕೌಶಲಗಳು: ಒಂದು ದಿನದ ರಾಷ್ಟ್ರಮಟ್ಟದ ಕಾರ್ಯಾಗಾರ' ಎಂದು ಎಲ್ಲಿ ಫ್ಲೆಕ್ಸ್ ಕಟ್ಟಿದ್ದರೂ ಅದರ ಬಲಮೂಲೆಯಲ್ಲಿ ಅವರ ಫೋಟೊ ಇರುತ್ತದೆ. (ರಾಷ್ಟ್ರಮಟ್ಟ ಹೇಗೆಂದರೆ, ಗಡಿಯಾಚೆಯ ಹೊಸೂರಿನಿಂದ ಒಬ್ಬರು ಬಂದಿರುತ್ತಾರೆ.) ಅವರ ಪೆನ್‌ಡ್ರೈವ್ ಆ ಸಭಾಂಗಣದ ಕಂಪ್ಯೂಟರಿಗೆ ಒಗ್ಗುವುದಿಲ್ಲ. ಒಗ್ಗಿಸುವಷ್ಟರಲ್ಲಿ ನಾಡಗೀತೆ, ಕುಂಡದ ಸಸಿಗೆ ನೀರೆರೆಯುವುದು, ಪ್ರಾಸ್ತಾವಿಕ ನುಡಿ, ಉದ್ಘಾಟಕರು ತಡವಾಗಿ ಬಂದು ಬೇಗ ಹೊರಡುವುದು ಎಲ್ಲ ಮುಗಿದು ಹನ್ನೊಂದೂವರೆ ಆಗಿರುತ್ತದೆ. ಅಲ್ಲಿಂದ ಊಟದವರೆಗೆ ನೂರು ಚಿಲ್ಲರೆ ಸ್ಲೈಡುಗಳು. ಇವರನ್ನು ಮೋಸಗಾರರೆಂದು ಯಾರೂ ಹೇಳಲಾರರು. ಹೇಳಿದ್ದರಲ್ಲಿ ಮುಕ್ಕಾಲು ಪಾಲು ನಿಜವೇ ಇರುತ್ತದೆ. ದೂರು ಬೇರೆ. ಲೇಖನ ಬರೆದಾದ ಮೇಲೆ ಏನೇನು ಮಾಡಬೇಕೋ ಅದನ್ನೆಲ್ಲ ಇವರು ಕಲಿಸುತ್ತಾರೆ, ಬರೆಯುವುದೊಂದನ್ನು ಬಿಟ್ಟು. ಬಾಳೆಲೆಯ ತುದಿ ಯಾವ ಕಡೆಗಿರಬೇಕು, ಉಪ್ಪು ಎಲ್ಲಿ, ಕೋಸಂಬರಿ ಎಲ್ಲಿ ಎಂದು ಸೊಗಸಾಗಿ ಹೇಳಿಕೊಟ್ಟು ಅಡುಗೆ ಕಲಿಸಿದೆ ಎಂದಂತೆ.

ಶುರುವಾಗುವುದು ಐಎಸ್ಎಸ್ಎನ್‌ನಿಂದ. ಒಂದು ನಿಯತಕಾಲಿಕವನ್ನು ಇನ್ನೊಂದರಿಂದ ಬೇರೆ ಮಾಡಿ ಗುರುತಿಸಲು ಕೊಡುವ ಎಂಟಂಕಿಯ ಸಂಖ್ಯೆ ಅದು. ಅಡುಗೆ ಮಾಸಿಕಕ್ಕೂ ಸಿಗುತ್ತದೆ, ಜ್ಯೋತಿಷ್ಯದ ಪಾಕ್ಷಿಕಕ್ಕೂ ಸಿಗುತ್ತದೆ. ಒಳಗಿನ ಸರಕಿನ ಬಗ್ಗೆ ಅದು ತುಟಿಪಿಟಕ್ ಅನ್ನುವುದಿಲ್ಲ. ಆದರೂ ಸ್ಲೈಡಿನಲ್ಲಿ ಅದಕ್ಕೊಂದು ಕೆಂಪು ಚೌಕಟ್ಟು. ಆಮೇಲೆ ಸ್ಕೋಪಸ್ ಎಂಬ ದತ್ತಕೋಶ, ನಿಯತಕಾಲಿಕದ ಉಲ್ಲೇಖಗಳನ್ನು ಅಳೆಯುವ ಇಂಪ್ಯಾಕ್ಟ್ ಫ್ಯಾಕ್ಟರ್, ಕೊನೆಗೆ ಎಚ್-ಇಂಡೆಕ್ಸ್. ಈ ಕೊನೆಯದನ್ನು 2005ರಲ್ಲಿ ಹೊರಗೆ ತಂದವರು ಜಾರ್ಜ್ ಹಿರ್ಶ್ ಎಂಬ ಭೌತವಿಜ್ಞಾನಿ. ಒಬ್ಬರ ಏಳು ಲೇಖನಗಳು ತಲಾ ಏಳು ಸಲವಾದರೂ ಉಲ್ಲೇಖಗೊಂಡಿದ್ದರೆ ಸೂಚ್ಯಂಕ ಏಳು. ಸಂಪನ್ಮೂಲ ವ್ಯಕ್ತಿಗಳು ಇದನ್ನು ತಮ್ಮದೇ ಸೂಚ್ಯಂಕ ತೋರಿಸಿ ವಿವರಿಸುತ್ತಾರೆ; ಆಗ ಮುಂದಿನ ಸಾಲಿನವರು ಚಪ್ಪಾಳೆ ತಟ್ಟುವುದು ವಾಡಿಕೆ. ಕನ್ನಡ ವಿಭಾಗದಿಂದ ಬಂದು ಹಿಂದೆ ಕೂತ ಹುಡುಗಿ ಮಾತ್ರ ಒಂದು ಲೆಕ್ಕ ಹಾಕಿ ನೋಡಬಹುದು. ಆರ್. ನರಸಿಂಹಾಚಾರ್ಯರ 'ಕರ್ನಾಟಕ ಕವಿಚರಿತೆ' 1907ರಿಂದ 1929ರ ನಡುವೆ ಮೂರು ಸಂಪುಟಗಳಲ್ಲಿ ಬಂತು. ಅದನ್ನು ಮುಟ್ಟದೆ ಕನ್ನಡ ಸಾಹಿತ್ಯ ಚರಿತ್ರೆ ಬರೆದವರಿಲ್ಲ. ಮೂರು ಪುಸ್ತಕ ಎಂದ ಮೇಲೆ ಸಾವಿರಾರು ಜನ ಉಲ್ಲೇಖಿಸಿದರೂ, ಆ ಮಹಾಕಾರ್ಯದ ಪಾಲಿಗೆ ಬರುವ ಎಚ್-ಇಂಡೆಕ್ಸ್ ಮೂರು. ಮೂರಕ್ಕೆ ಚಪ್ಪಾಳೆ ಬೀಳುವುದಿಲ್ಲ.

ಇದನ್ನೆಲ್ಲ ಸಹಿಸಬಹುದು. ಸಹಿಸಲಾಗದ್ದು ಊಟದ ನಂತರದ ಗೋಷ್ಠಿ: 'ಪ್ಲೇಜರಿಸಂ ಕಡಿಮೆ ಮಾಡುವ ವಿಧಾನಗಳು'. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2018ರ ನಿಯಮಾವಳಿ ಈ ಕೃತಿಚೌರ್ಯಕ್ಕೆ ಮೆಟ್ಟಿಲುಗಳನ್ನು ಕಟ್ಟಿದೆ. ಶೇ 10ರವರೆಗಿನ ಹೋಲಿಕೆಗೆ ದಂಡವಿಲ್ಲ. 40ರವರೆಗೆ ಹೋದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 60ರವರೆಗಾದರೆ ಒಂದು ವರ್ಷ ಪ್ರಬಂಧ ಸಲ್ಲಿಸುವ ಹಾಗಿಲ್ಲ. ಅದನ್ನೂ ದಾಟಿದರೆ ನೋಂದಣಿಯೇ ರದ್ದು. ಕದಿಯಬೇಡಿ ಎನ್ನುವುದಕ್ಕೆ ಮಾಡಿದ ಈ ಮೆಟ್ಟಿಲು, ಸಿಕ್ಕಿಬೀಳದೆ ಇಳಿಯುವುದು ಹೇಗೆ ಎಂಬ ಪಾಠವಾಗಿ ಮಾರ್ಪಡುವುದು ಆ ಸಭಾಂಗಣದಲ್ಲಿ. ಸಂಪನ್ಮೂಲ ವ್ಯಕ್ತಿಗಳ ದನಿ ತಗ್ಗುತ್ತದೆ. ಕರ್ತರಿ ಇದ್ದಲ್ಲಿ ಕರ್ಮಣಿ ಮಾಡಿ. 'ಆದ್ದರಿಂದ' ಇದ್ದಲ್ಲಿ 'ಈ ಹಿನ್ನೆಲೆಯಲ್ಲಿ' ಎನ್ನಿ. ಕೋಷ್ಟಕವನ್ನು ಚಿತ್ರವಾಗಿ ಅಂಟಿಸಿ, ಹೋಲಿಕೆ ಹುಡುಕುವ ಸಾಫ್ಟ್‌ವೇರ್ ಓದುವುದಿಲ್ಲ. ಇಡೀ ದಿನದಲ್ಲಿ ಪೆನ್ನುಗಳು ಸರಸರ ಓಡುವುದು ಇದೊಂದು ಗೋಷ್ಠಿಯಲ್ಲಿ. ಇದರ ಫಲ ಪ್ರಬಂಧಗಳಲ್ಲಿ ಕಾಣುತ್ತದೆ. ಮೂಲದಲ್ಲಿ 'ಹನ್ನೆರಡನೆಯ ಶತಮಾನದ ವಚನ ಚಳವಳಿ ಜನರ ಮಾತನ್ನು ಸಾಹಿತ್ಯಕ್ಕೆ ತಂದಿತು' ಎಂದಿರುತ್ತದೆ ಎನ್ನಿ. ಅದು 'ದ್ವಾದಶ ಶತಕದ ವಚನಾಂದೋಲನವು ಶ್ರೀಸಾಮಾನ್ಯರ ನುಡಿಯನ್ನು ವಾಙ್ಮಯಕ್ಕೆ ಆನಯನಗೈದಿತು' ಎಂದು ವೇಷ ಬದಲಿಸಿ ನಿಲ್ಲುತ್ತದೆ. ಸಾಫ್ಟ್‌ವೇರಿಗೆ ತೃಪ್ತಿ. ವಿಚಾರ ಇನ್ನೂ ಬೇರೆಯವರದೇ. ಜೊತೆಗೆ ಒಂದು ಒಳ್ಳೆಯ ಕನ್ನಡ ವಾಕ್ಯವೂ ಹೋಯಿತು. ಅದೇ ನಿಯಮಾವಳಿಯಲ್ಲಿ, ಸಾಮಾನ್ಯ ಜ್ಞಾನದ್ದೋ ಆಕಸ್ಮಿಕವೋ ಆದ ಹೋಲಿಕೆಯನ್ನು ಸತತ 14 ಪದಗಳವರೆಗೆ ಮಾಫಿ ಮಾಡುವ ಒಂದು ವಿನಾಯಿತಿ ಇದೆ. ಇಂಗ್ಲಿಷಿಗೆ ಅದು ಒಂದು ಸಾಧಾರಣ ವಾಕ್ಯ. ವಿಭಕ್ತಿಯನ್ನೂ ಪ್ರತ್ಯಯವನ್ನೂ ಪದದ ಬೆನ್ನಿಗೇ ಅಂಟಿಸಿಕೊಂಡು ನಡೆಯುವ ಕನ್ನಡದಲ್ಲಿ 14 ಪದ ಎಂದರೆ ದೊಡ್ಡ ಬಯಲು. ಸರ್ವಜ್ಞನ ಎಷ್ಟೋ ತ್ರಿಪದಿಗಳು ಅದರೊಳಗೆ ಇಡಿಯಾಗಿ ಹಿಡಿಸುತ್ತವೆ. ಲೆಕ್ಕವನ್ನಷ್ಟೇ ಕಲಿತವನು ಸರ್ವಜ್ಞನನ್ನು ಇಡಿಯಾಗಿ ಹೊತ್ತೊಯ್ದರೂ ಅಂಕಿ ಅಲುಗಾಡುವುದಿಲ್ಲ. ಪುಸ್ತಕ ಮುಚ್ಚಿಟ್ಟು ಟಿಪ್ಪಣಿ ಮಾಡಿಕೊಳ್ಳುವುದನ್ನು ಕಲಿತಿದ್ದರೆ ಈ ಅಂಕಿಯ ಗೊಡವೆಯೇ ಬೇಕಿರಲಿಲ್ಲ. ಅದಕ್ಕೆ ಸ್ಲೈಡ್ ಇಲ್ಲ.

ಎಣಿಕೆಯನ್ನು ನಂಬಿ ಹೋದರೆ ಏನಾಗುತ್ತದೆ ಎಂಬುದಕ್ಕೆ ಸಾಕ್ಷಿ ಹುಡುಕಿಕೊಂಡು ದೂರ ಹೋಗಬೇಕಿಲ್ಲ. ಯುಜಿಸಿ 2017ರಲ್ಲಿ 'ಅನುಮೋದಿತ ನಿಯತಕಾಲಿಕಗಳ ಪಟ್ಟಿ' ತಂದಿತು. ವಿಶ್ವವಿದ್ಯಾಲಯಗಳು ಶಿಫಾರಸು ಮಾಡಿ ಆ ಪಟ್ಟಿಗೆ ಸೇರಿಸಿದ್ದವುಗಳಲ್ಲಿ 1009ನ್ನು ಭೂಷಣ್ ಪಟವರ್ಧನ್ ಮತ್ತು ಸಂಗಡಿಗರು ಜಾಲಾಡಿದರು. ಬೆಂಗಳೂರಿನಿಂದ ಪ್ರಕಟವಾಗುವ 'ಕರೆಂಟ್ ಸೈನ್ಸ್' 2018ರಲ್ಲಿ ಅವರ ವರದಿಯನ್ನು ಅಚ್ಚು ಹಾಕಿತು. ಪರೀಕ್ಷೆಯಲ್ಲಿ ಪಾಸಾದವು 112. ಉಳಿದ ಎಷ್ಟೋ ನಿಯತಕಾಲಿಕಗಳಲ್ಲಿ ವಿಳಾಸ ಸರಿಯಿಲ್ಲ, ಸಂಪಾದಕರ ವಿವರವಿಲ್ಲ, ಇಂಪ್ಯಾಕ್ಟ್ ಫ್ಯಾಕ್ಟರ್ ಸುಳ್ಳು. ಅದೇ ವರ್ಷ ಮೇ ತಿಂಗಳಲ್ಲಿ ಯುಜಿಸಿ 4,305 ಹೆಸರುಗಳನ್ನು ಕಿತ್ತುಹಾಕಿತು. 2019ರಲ್ಲಿ 'ಕೇರ್' ಪಟ್ಟಿ ಬಂತು, 2025ರಲ್ಲಿ ಅದೂ ಹೋಯಿತು. ಇಷ್ಟು ಏರಿಳಿತದಲ್ಲೂ ಸಂಪನ್ಮೂಲ ವ್ಯಕ್ತಿಗಳ ಸ್ಲೈಡಿಗೆ ಏನೂ ಆಗಿಲ್ಲ, ತಲೆಬರಹ ಬದಲಾಗಿದೆ ಅಷ್ಟೆ. ಪಟ್ಟಿ ಚೆನ್ನಾಗಿದ್ದರೆ ಸಾಕಲ್ಲವೇ ಎನ್ನುವವರು 'ಸೈನ್ಸ್' ಪತ್ರಿಕೆಗಾಗಿ ಜಾನ್ ಬೊಹಾನನ್ 2013ರಲ್ಲಿ ಮಾಡಿದ ಕಿತಾಪತಿಯನ್ನು ನೆನೆಯಬೇಕು. ಬೇಕೆಂದೇ ತಪ್ಪು ತುಂಬಿದ ಒಂದು ಹುಸಿ ಲೇಖನವನ್ನು ಅವರು 304 ಮುಕ್ತ ನಿಯತಕಾಲಿಕಗಳಿಗೆ ಕಳುಹಿಸಿದರು. 157 ಕಡೆ ಸ್ವೀಕೃತವಾಯಿತು. ಸಜ್ಜನರ ಪಟ್ಟಿ ಎನಿಸಿಕೊಂಡಿದ್ದ ಮುಕ್ತ ಪ್ರಕಟಣೆಗಳ ಕೋಶದಲ್ಲಿ ಹೆಸರಿದ್ದು, ಪರಿಶೀಲನೆ ಮುಗಿಸಿದ ಪ್ರಕಾಶಕರಲ್ಲೂ ನೂರಕ್ಕೆ 45 ಮಂದಿ ಒಪ್ಪಿಕೊಂಡರು. ಪಟ್ಟಿ ಎಷ್ಟೇ ಒಳ್ಳೆಯದಿದ್ದರೂ ಒಂದು ಲೇಖನ ಓದಲು ಯೋಗ್ಯವೋ ಅಲ್ಲವೋ ಎಂದು ಕೊನೆಗೆ ಹೇಳಬೇಕಾದವನು ಓದುಗ. ಹಾಗೆ ಹೇಳಲು ಬರುವ ಓದುಗನನ್ನು ತಯಾರು ಮಾಡುವುದೇ ಪಿಎಚ್.ಡಿ.ಯ ಉದ್ದೇಶ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಅದು ಸಲೀಸಾಗಿ ತಳ್ಳಿಹಾಕುವಂಥದ್ದಲ್ಲ. ಮನೆಯಲ್ಲಿ ಮೊದಲ ಬಾರಿಗೆ ಕಾಲೇಜು ಕಂಡು, ಹಾಸ್ಟೆಲಿನಲ್ಲಿದ್ದು ಎಂ.ಎ. ಮುಗಿಸಿ ಸಂಶೋಧನೆಗೆ ಬಂದ ಹುಡುಗನಿಗೆ ಲೇಖನದ ಗುರುತುಸಂಖ್ಯೆಯಾದ ಡಿಒಐ ಎಂದರೇನು ಎಂದು ಯಾರು ಹೇಳಬೇಕು? 'ಗ್ರೀಟಿಂಗ್ಸ್ ಆಫ್ ದಿ ಡೇ' ಎಂದು ಶುರುವಾಗಿ, ಮೊದಲ ವರ್ಷದವನನ್ನೇ 'ಗೌರವಾನ್ವಿತ ಪ್ರಾಧ್ಯಾಪಕರೇ' ಎಂದು ಉಬ್ಬಿಸಿ, ಎರಡು ಸಾವಿರ ಕಟ್ಟಿದರೆ ಎರಡೇ ದಿನದಲ್ಲಿ ಪ್ರಕಟಿಸುತ್ತೇವೆ ಎನ್ನುವ ಮಿಂಚಂಚೆ ಬಲೆ ಎಂದು ಅವನಿಗೆ ಎಚ್ಚರಿಸಿದವರು ಇದೇ ಸಂಪನ್ಮೂಲ ವ್ಯಕ್ತಿಗಳು. ದೊಡ್ಡ ಸಂಸ್ಥೆಗಳ ಮಕ್ಕಳಿಗೆ ಈ ವ್ಯವಹಾರಜ್ಞಾನ ಕ್ಯಾಂಟೀನಿನಲ್ಲೇ ಸಿಗುತ್ತದೆ. ಉಳಿದವರಿಗೆ ಸಭಾಂಗಣವೇ ಗತಿ. ಇವರು ಮೊಬೈಲ್ ನಂಬರನ್ನು ಸ್ಲೈಡಿನಲ್ಲಿ ಹಾಕುತ್ತಾರೆ, ರಾತ್ರಿ ಹತ್ತಕ್ಕೆ ವಾಟ್ಸ್ಆ್ಯಪ್ ಮಾಡಿದರೂ 'ಹೇಳಪ್ಪ' ಎನ್ನುತ್ತಾರೆ. ತಮ್ಮ ವಿದ್ಯಾರ್ಥಿಯೇ ಅಲ್ಲದವನಿಗೆ ಇಷ್ಟು ಮಾಡುವ ಮೇಷ್ಟ್ರು ಎಷ್ಟು ಜನ? ಒಪ್ಪಬೇಕು. ಆದರೆ ಬಲೆ ಯಾವುದು ಎಂದು ತಿಳಿದಷ್ಟಕ್ಕೆ ಈಜು ಬಂದಂತಾಗಲಿಲ್ಲ. ಇವರು ಬಲೆಯಿಂದ ತಪ್ಪಿಸಿದ ಹುಡುಗನ ಲೇಖನ ಒಳ್ಳೆಯ ನಿಯತಕಾಲಿಕಕ್ಕೇ ಹೋಗುತ್ತದೆ, ಅಲ್ಲಿಂದ ವಾಪಸು ಬರುತ್ತದೆ. ಪರಿಶೀಲಕರು 'ವಾದ ಸ್ಪಷ್ಟವಿಲ್ಲ' ಎಂದು ಬರೆದದ್ದನ್ನು ಹೇಗೆ ಓದಿಕೊಳ್ಳಬೇಕು, ಯಾವುದನ್ನು ಒಪ್ಪಿ ತಿದ್ದಬೇಕು, ಯಾವುದಕ್ಕೆ ವಿನಯದಿಂದ ಎದುರುತ್ತರ ಕೊಡಬೇಕು ಎಂಬಲ್ಲಿ ಅವನು ಒಂಟಿ.

ನಿಯಮವೇ ಎಣಿಸು ಎಂದರೆ ಅವರು ತಾನೇ ಏನು ಮಾಡಿಯಾರು ಎಂಬುದು ಇನ್ನೊಂದು ಆಕ್ಷೇಪ. ಇದರಲ್ಲಿ ಅರ್ಧ ನಿಜವಿದೆ. ಯುಜಿಸಿ 2019ರ ಕೊನೆಯಲ್ಲಿ ಕಡ್ಡಾಯ ಮಾಡಿದ 'ಸಂಶೋಧನೆ ಮತ್ತು ಪ್ರಕಟಣಾ ನೀತಿ' ಎಂಬ ಎರಡು ಕ್ರೆಡಿಟ್ಟಿನ ಕೋರ್ಸಿನಲ್ಲಿ ಒಟ್ಟು 30 ಗಂಟೆ. ತತ್ತ್ವ ಮತ್ತು ನೀತಿಗೆ 3, ದತ್ತಕೋಶ ಮತ್ತು ಅಳತೆಗೋಲುಗಳಿಗೆ 7. ಒಂದು ಪ್ಯಾರಾ ಬರೆದು ತಿದ್ದುವುದಕ್ಕೆಂದು ಒಂದು ಘಟಕವೂ ಇಲ್ಲ. ಇನ್ನರ್ಧ ಬೇರೆ ಕತೆ ಹೇಳುತ್ತದೆ. ಪ್ರಬಂಧ ಸಲ್ಲಿಸುವ ಮುಂಚೆ ಒಂದು ಲೇಖನ ಪ್ರಕಟವಾಗಿರಬೇಕು, ಎರಡು ಕಡೆ ಮಂಡಿಸಿರಬೇಕು ಎಂದಿದ್ದ 2016ರ ಷರತ್ತನ್ನು 2022ರ ನವೆಂಬರಿನ ನಿಯಮಾವಳಿ ಕೈಬಿಟ್ಟಿತು. ಅದೇ ನಿಯಮಾವಳಿ, ಪಿಎಚ್.ಡಿ. ಮಾಡುವ ಎಲ್ಲರಿಗೂ ತಮ್ಮ ವಿಷಯದ ಬೋಧನೆ ಮತ್ತು ಬರವಣಿಗೆಯ ತರಬೇತಿ ಆಗಬೇಕು ಎಂದೂ ಸೇರಿಸಿತು. ಬರವಣಿಗೆ! ನಿಯಮದಲ್ಲೇ ಅಚ್ಚಾಗಿದೆ. ಅದರ ಹೆಸರಿನಲ್ಲಿ ಫ್ಲೆಕ್ಸ್ ಕಟ್ಟಿದವರು ಕಡಿಮೆ. ಯಾಕೆಂದರೆ ಅದನ್ನು ಇನ್ನೂರು ಜನಕ್ಕೆ ಒಟ್ಟಿಗೆ ಮೈಕಿನಲ್ಲಿ ಹೇಳಿಕೊಡಲಾಗದು, ಪ್ರಮಾಣಪತ್ರದ ಮೇಲೆ ತೋರಿಸಲೂ ಆಗದು. ಕೆಲಸಕ್ಕೆ ಅರ್ಜಿ ಹಾಕುವಾಗ ಪ್ರಕಟಣೆಗೆ ಅಂಕ ಇದ್ದೇ ಇದೆ. ಸಂಖ್ಯೆಯ ಹಸಿವು ಹಾಗೆಯೇ ಉಳಿದಿದೆ, ಕಾರ್ಯಾಗಾರವೂ ಉಳಿದಿದೆ. (ಅಂಕದ ಮಾತು ಬಂದದ್ದಕ್ಕೆ ಹೇಳುವುದು: ಈಗ ನೀವು ಓದುತ್ತಿರುವ ಬರಹಕ್ಕೆ ಬರುವ ಅಂಕ ಸೊನ್ನೆ. ಬರೆದವರಿಗೆ ಅದು ತಿಳಿಯದ ವಿಷಯವಲ್ಲ, ಆ ಹೊಟ್ಟೆಯುರಿಯೂ ಇದರಲ್ಲಿ ಸ್ವಲ್ಪ ಸೇರಿರಬಹುದು.)

ಹಾಗೆಂದು ಬರೆಯಲು ಕಲಿಸುವುದು ಇವರಿಗೆ ಬರುವುದಿಲ್ಲವೇ ಎಂದರೆ, ಬರುತ್ತದೆ. ಇವರಲ್ಲಿ ಹಲವರ ಹಳೆಯ ಪ್ರಬಂಧಗಳು, ಜಾಲತಾಣದ ಪ್ರಬಂಧ ಭಂಡಾರವಾದ ಶೋಧಗಂಗಾದಲ್ಲಿವೆ. ತೆರೆದು ನೋಡಿದರೆ ಕೆಲವು ನಿಜಕ್ಕೂ ಗಟ್ಟಿ: ಹಳ್ಳಿ ಹಳ್ಳಿ ಸುತ್ತಿ ಕೂಡಿಸಿದ ಮಾಹಿತಿ, 'ಎಪಿಗ್ರಾಫಿಯ ಕರ್ನಾಟಿಕ'ದ ಶಾಸನ ಸಂಪುಟಗಳನ್ನು ಸಾಲು ಸಾಲಾಗಿ ಓದಿ ಬರೆದ ಅಡಿಟಿಪ್ಪಣಿ. ಕಾರ್ಯಾಗಾರದ ಟೀ ವಿರಾಮದಲ್ಲಿ ಅಂಜುತ್ತಾ ಬಂದವಳೊಬ್ಬಳು ತನ್ನ ಕರಡಿನ ಎರಡು ಹಾಳೆ ಮುಂದಿಟ್ಟರೆ ಇವರೊಳಗಿನ ಆ ಹಳೆಯ ಸಂಶೋಧಕ ಎಚ್ಚರಗೊಳ್ಳುತ್ತಾನೆ. ಬಿಸ್ಕತ್ತನ್ನು ತಟ್ಟೆಗೆ ಹಾಕಿ, ಕನ್ನಡಕ ಏರಿಸಿ, ಜೇಬಿನ ಪೆನ್ನು ತೆಗೆದು ಮೊದಲ ಪ್ಯಾರಾಕ್ಕೆ ಉದ್ದಕ್ಕೆ ಗೆರೆ ಎಳೆಯುತ್ತಾರೆ. 'ಪ್ರಾಚೀನ ಕಾಲದಿಂದಲೂ ಅಂತ ಯಾಕಮ್ಮ ಶುರು ಮಾಡ್ತೀಯ? ನಿನ್ನ ಮಾತು ಇರೋದು ಇಲ್ಲಿ, ಎರಡನೇ ಪುಟದಲ್ಲಿ. ಇದನ್ನ ಮೇಲೆ ತಗೊಂಡು ಬಾ. ಈ ಶಾಸನದ ಪಾಠ ನೀನೇ ನೋಡಿದ್ದಾ, ಇಲ್ಲ ಯಾರೋ ಹೇಳಿದ್ದಾ?' ಐದು ನಿಮಿಷ. ಅಷ್ಟರಲ್ಲಿ ಸಂಘಟಕರು ಓಡಿ ಬರುತ್ತಾರೆ: 'ಸಾರ್, ಫೋಟೊ ಸೆಷನ್, ಪ್ರಿನ್ಸಿಪಾಲರು ಕಾಯ್ತಿದ್ದಾರೆ.' ಪೆನ್ನು ಜೇಬಿಗೆ, ಹಾಳೆ ಅವಳ ಕೈಗೆ. ಆ ದಿನ ಅಲ್ಲಿ ನಡೆದ ಪ್ರಕಟಣಾ ಕೌಶಲದ ಪಾಠ ಆ ಐದು ನಿಮಿಷದ್ದು ಮಾತ್ರ, ಅದು ಕಾರ್ಯಕ್ರಮ ಪಟ್ಟಿಯಲ್ಲಿ ಇರಲಿಲ್ಲ.

ಆದ್ದರಿಂದ ಸಂಘಟಕರಲ್ಲಿ ಒಂದು ಕೋರಿಕೆ. ಇವರನ್ನು ಕರೆಯುವುದು ನಿಲ್ಲಿಸಬೇಡಿ. ಮುಂದಿನ ಸಲ ಇನ್ನೂರರ ಬದಲು ಹನ್ನೆರಡು ಜನರನ್ನು ಕೂರಿಸಿ, ಮೈಕು ಬೇಡ. ಪ್ರತಿಯೊಬ್ಬರೂ ತಮ್ಮ ಕರಡಿನ ಎರಡು ಪುಟ ತರತಕ್ಕದ್ದು, ಸಂಪನ್ಮೂಲ ವ್ಯಕ್ತಿಗಳು ಅವನ್ನು ಹಿಂದಿನ ದಿನವೇ ಓದಿಕೊಂಡು ಬರತಕ್ಕದ್ದು ಎಂದು ಆಹ್ವಾನ ಪತ್ರದಲ್ಲೇ ಅಚ್ಚು ಹಾಕಿಸಿ. ಪೆನ್‌ಡ್ರೈವನ್ನು ಮನೆಯಲ್ಲೇ ಬಿಟ್ಟು ಬರಲು ಹೇಳಿ. ಸಂಭಾವನೆ ಬೇಕಾದರೆ ಎರಡರಷ್ಟು ಕೊಡಿ. ಆ ಕೆಲಸಕ್ಕೆ ಅದು ಹೆಚ್ಚೇನಲ್ಲ.