ಶನೈಶ್ಚರನ ಒಕ್ಕಲು

ಶನಿವಾರ ಬಂತೆಂದರೆ ಮಧುರೆಯಲ್ಲಿ ಕಾಲಿಡಲು ಜಾಗ ಇರುವುದಿಲ್ಲ. ಚಿಕ್ಕಮಧುರೆಯ ಶನಿಮಹಾತ್ಮನಿಗೆ ಎಳ್ಳೆಣ್ಣೆ ದೀಪ ಹಚ್ಚಲು ದೊಡ್ಡಬಳ್ಳಾಪುರ, ನೆಲಮಂಗಲ, ಬೆಂಗಳೂರು ಎಲ್ಲ ಕಡೆಯಿಂದ ಜನ. ನಾನು ಹೋಗಿದ್ದು ಮಾತ್ರ ಒಂದು ಜೆರಾಕ್ಸ್ ಅಂಗಡಿಗೆ. ಮೊಬೈಲಿನಲ್ಲಿದ್ದ ಆಧಾರನ್ನು ಎರಡು ಪ್ರಿಂಟ್ ತೆಗೆಸಬೇಕಿತ್ತು. ಕರೆಂಟು ಹೋಯಿತು. ಮಾಲೀಕರು ಕಾಫಿಗೆ ಎದ್ದರು. ಮೂಲೆಯ ಹಳೇ ಕಂಪ್ಯೂಟರು ಮಾತ್ರ ಯುಪಿಎಸ್ಸಿನ ಉಸಿರಿನಲ್ಲಿ ಕೂತಿತ್ತು, ಪರದೆಯ ಮೇಲೆ ಡೆಬಿಯನ್ ಎಂಬ ಲಿನಕ್ಸಿನ ಕೆಂಪು ಸುರುಳಿ. ಹೊತ್ತು ಹೋಗಬೇಕಲ್ಲ, ಮಾತಿಗೆಳೆದೆ.

ನಾನು: ಯಜಮಾನ್ರೇ, ವಯಸ್ಸೆಷ್ಟು?

ಯಂತ್ರ: ಮೈಗೆ ಹದಿನೈದು ದಾಟೈತೆ. ಒಳಗಿರೋನು 2023ರ ಜೂನ್ 10ರಂದು ಹುಟ್ಟಿದ ಡೆಬಿಯನ್ 12. ಮುಂಚೆ ವಿಂಡೋಸ್ 10 ಬಾಡಿಗೆಗಿತ್ತು. ಹನ್ನೊಂದಕ್ಕೆ ಹೋಗೋಣ ಅಂದ್ರೆ, ‘ನಿನ್ನ ಪ್ರೊಸೆಸರ್ ಹಳೇದು, ಟಿಪಿಎಂ ಚಿಪ್ ಇಲ್ಲ’ ಅಂತ ಹೊಸಲಲ್ಲೇ ನಿಲ್ಲಿಸಿಬಿಟ್ರು. ಮಾಲೀಕರ ಮಗ ಪೆನ್ ಡ್ರೈವಲ್ಲಿ ಇವನನ್ನ ತಂದು ಕೂರಿಸ್ದ. ಕಾಸು ಖರ್ಚಾಗಲಿಲ್ಲ.

ನಾನು: ಎದುರಿಗೇ ಶನಿದೇವರ ಪಟ ಇಟ್ಟುಕೊಂಡಿದ್ದೀರಿ. ಭಯವಾಗೋದಿಲ್ಲವೇ?

ಯಂತ್ರ: ಭಯ ಯಾಕೆ ಸ್ವಾಮಿ, ನಾವು ಅವನ ಒಕ್ಕಲು! ಶನೈಶ್ಚರ ಅಂದ್ರೇನೇ ನಿಧಾನಕ್ಕೆ ನಡೆಯೋನು ಅಂತ. ಅವನು ಒಂದು ರಾಶೀಲಿ ಎರಡೂವರೆ ವರ್ಷ ಇರ್ತಾನೆ. ನಾವು ಡೆಬಿಯನ್ನೋರು ಎರಡು ವರ್ಷಕ್ಕೊಂದು ಸಲ ಹೊಸ ಆವೃತ್ತಿಗೆ ಮನೆ ಬದಲಾಯಿಸ್ತೀವಿ: 2019ರ ಜುಲೈ, 2021ರ ಆಗಸ್ಟ್, 2023ರ ಜೂನ್, 2025ರ ಆಗಸ್ಟ್. ಅವನಿಗಿಂತ ನಾವೇ ಒಂಚೂರು ಚುರುಕು. ದೃಗ್ಗಣಿತದ ಪಂಚಾಂಗದಲ್ಲಿ 2025ರ ಮಾರ್ಚ್‌ನಲ್ಲಿ ಅವನು ಕುಂಭ ಬಿಟ್ಟು ಮೀನಕ್ಕೆ ಬಂದ. ಅದೇ ಮಾರ್ಚ್‌ನಲ್ಲಿ ನಮ್ಮೋರು ಹದಿಮೂರನೇ ಆವೃತ್ತಿಗೆ ಹೊಸ ಸರಕು ಬರೋ ಬಾಗಿಲು ಮುಚ್ಚೋಕೆ ಶುರು ಮಾಡಿದ್ರು. ಆಮೇಲೆ ಆಗಸ್ಟ್ 9ರವರೆಗೆ ಮೊರದಲ್ಲಿ ಅಕ್ಕಿ ಆರಿಸಿದಂಗೆ ಬರೀ ತಪ್ಪು ಹೆಕ್ಕೋ ಕೆಲಸ.

ನಾನು: ಅಷ್ಟೆಲ್ಲ ಹೆಕ್ಕಿದ ಮೇಲೆ ತಪ್ಪೇ ಇರೋದಿಲ್ಲ ಅನ್ನಿ.

ಯಂತ್ರ: ಯಾರು ಹೇಳಿದ್ರು? ನಮ್ಮದು ‘ಸ್ಥಿರ’ ಆವೃತ್ತಿ. ಸ್ಥಿರ ಅಂದ್ರೆ ಬದಲಾಗಲ್ಲ ಅಂತ, ಸರಿ ಐತೆ ಅಂತಲ್ಲ. ಇಲ್ಲಿ ನೋಡಿ, ನಿದ್ದೆಯಿಂದ ಎದ್ದಾಗ ಈ ಪ್ರಿಂಟರು ಮೊದಲ ಹಾಳೆಯನ್ನ ಖಾಲಿ ಉಗುಳುತ್ತೆ. ಮಾಲೀಕರಿಗೆ ಗೊತ್ತು. ಅದಕ್ಕೆ ಮೊದಲು ಒಂದು ರದ್ದಿ ಹಾಳೆ ತುರುಕ್ತಾರೆ. ನಾಳೆ ಯಾರೋ ಪುಣ್ಯಾತ್ಮ ಆ ತಪ್ಪನ್ನ ಸರಿಮಾಡಿ ರಾತ್ರೋರಾತ್ರಿ ಕಳಿಸಿಬಿಟ್ಟ ಅನ್ನಿ. ಬೆಳಗ್ಗೆ ನಾಡಕಚೇರಿಗೆ ಹೊರಟೋನ ಆದಾಯ ಪತ್ರದ ಅರ್ಜಿ ಮಕ್ಕಳ ನಾಮಕರಣದ ಕಾರ್ಡಿನ ಹಿಂದೆ ಅಚ್ಚಾಗಿರುತ್ತೆ. ದೊಡ್ಡಬಳ್ಳಾಪುರದ ಮಗ್ಗದೋರನ್ನ ಕೇಳಿ, ಸೀರೆ ಅರ್ಧ ಇಳಿದಿರುವಾಗ ಜಕಾರ್ಡಿನ ಕಾರ್ಡು ಬದಲಾಯಿಸ್ತಾರಾ? ಹೊಸ ಡಿಸೈನು ಚೆಂದವೇ ಇರಬಹುದು. ಈ ಸೀರೆಗೆ ಬೇಡ.

(ಯುಪಿಎಸ್ ಒಂದು ಸಲ ಕಿರ್ರೆಂದಿತು.)

ನಾನು: ಹಾಗಾದರೆ ಕಳ್ಳಕಿಂಡಿಗಳೂ ಹಾಗೇ ಇರುತ್ತವೆಯೇ?

ಯಂತ್ರ: ಅದು ಬೇರೆ ಲೆಕ್ಕ. ಭದ್ರತೆಯ ತೂತು ಕಂಡ್ರೆ ಹಳೇ ವರ್ಷನ್ನಿಗೇ ತೇಪೆ ಹಾಕ್ತಾರೆ. ಪಂಚೆ ಅದೇ, ತೂತು ಮುಚ್ಚಿರುತ್ತೆ. 2028ರ ಜೂನ್‌ವರೆಗೂ ನನಗೆ ತೇಪೆ ಬರುತ್ತೆ.

ನಾನು: ಮಾಲೀಕರ ಮಗ ನಿಮ್ಮನ್ನು ‘ಪಳೆಯುಳಿಕೆ’ ಅನ್ನುತ್ತಾನಂತೆ.

ಯಂತ್ರ: ಇಂಜಿನಿಯರಿಂಗ್ ಹುಡುಗ, ಅವನ ಲ್ಯಾಪ್‌ಟಾಪಿನಲ್ಲಿ ಆರ್ಚ್ ಅನ್ನೋ ಇನ್ನೊಂದು ಲಿನಕ್ಸ್. ಅಲ್ಲಿ ಆವೃತ್ತಿ ಅನ್ನೋದೇ ಇಲ್ಲ, ಹರಿಯೋ ನೀರು. ಮೂಲದೋರು ಬರೆದ ಸರಕು ಕೆಲವೇ ದಿನದಲ್ಲಿ ಮನೆಬಾಗಿಲಿಗೆ. ಎದ್ದ ಕೂಡಲೇ ರಾಶಿಭವಿಷ್ಯ ನೋಡೋ ಹಂಗೆ ಅಪ್ಡೇಟ್ ನೋಡ್ತಾನೆ. 2022ರ ಆಗಸ್ಟ್‌ನಲ್ಲಿ ‘ಗ್ರಬ್’ ಅನ್ನೋ ಹೊಸ್ತಿಲೇ ಎಡವಿಸಿ ಆ ಕುಲದ ಎಷ್ಟೋ ಯಂತ್ರಗಳು ಬೂಟೇ ಆಗಲಿಲ್ಲ, ಗೊತ್ತಾ? ಆದ್ರೂ ಒಂದು ಒಪ್ಕೊಳ್ತೀನಿ. ಅವನ ಲ್ಯಾಪ್‌ಟಾಪು ಹೊಚ್ಚಹೊಸದು. ಅದರ ವೈಫೈ ಚಿಪ್ಪು ನನ್ನ 6.1 ಕರ್ನಲಿಗೆ ಗುರುತೇ ಸಿಗಲ್ಲ. ನನ್ನನ್ನ ಅಲ್ಲಿ ಕೂರಿಸಿದ್ರೆ ನಾನು ಕಿವುಡ.

ನಾನು: 2024ರ ಮಾರ್ಚ್ 29 ನಿಮ್ಮವರಿಗೆ ಹಬ್ಬವಾಗಿತ್ತಂತೆ?

ಯಂತ್ರ: ಎಕ್ಸ್‌ಜೆಡ್ ಕಥೆ! ಫೈಲುಗಳನ್ನ ಕುಗ್ಗಿಸೋ ಒಂದು ಸಣ್ಣ ಸಾಮಾನು, ಎಲ್ಲರ ಮನೇಲೂ ಇರುತ್ತೆ. ‘ಜಿಯಾ ಟ್ಯಾನ್’ ಅನ್ನೋ ಹೆಸರಲ್ಲಿ ಯಾರೋ ಎರಡು ವರ್ಷಕ್ಕೂ ಮೇಲೆ ಒಳ್ಳೆ ಕೆಲಸ ಮಾಡಿ, ನಂಬಿಕೆ ಗಳಿಸಿ, 5.6.0 ಮತ್ತೆ 5.6.1ರಲ್ಲಿ ಕಳ್ಳಬಾಗಿಲು ಇಟ್ರು. ಹೊಸದು ಹೊಸದು ಅಂತ ಓಡೋರ ಮನೆಗೆ ಅದು ಆಗಲೇ ಬಂದಿತ್ತು. ನನ್ನ ಹತ್ರ ಇದ್ದದ್ದು ಹಳೇ 5.4. ನಾನು ಆರಾಮಾಗಿ ಪಹಣಿ ಪ್ರಿಂಟ್ ಹಾಕ್ತಾ ಕೂತಿದ್ದೆ. ನಿಧಾನವೇ ಪ್ರಧಾನ ಅಂತ ಸುಮ್ಮನೆ...

ನಾನು: ಅದನ್ನು ಹಿಡಿದವರು ಯಾರು?

ಯಂತ್ರ: ಆಂಡ್ರೆಸ್ ಫ್ರಾಯಿಂಡ್ ಅನ್ನೋ ಇಂಜಿನಿಯರು. ಲಾಗಿನ್ ಅರ್ಧ ಸೆಕೆಂಡು ತಡ ಆಗ್ತೈತಲ್ಲ ಅಂತ ಬೆನ್ನು ಹತ್ತಿದ್ರು.

ನಾನು: ಅವರ ಯಂತ್ರದಲ್ಲಿ ನಿಮ್ಮಂಥ ಸ್ಥಿರ ಆವೃತ್ತಿ ಇತ್ತೇ?

ಯಂತ್ರ: (ಫ್ಯಾನು ಜೋರಾಯಿತು) ...ಇಲ್ಲ. ಸಿಡ್ ಇತ್ತು. ನಮ್ಮ ಮನೇದೇ, ಯಾವತ್ತೂ ಬಿಡುಗಡೆ ಆಗದ ಅಸ್ಥಿರ ಆವೃತ್ತಿ. ನಮ್ಮ ಹೆಸರೆಲ್ಲ ‘ಟಾಯ್ ಸ್ಟೋರಿ’ ಸಿನಿಮಾದ ಪಾತ್ರಗಳದು ಸ್ವಾಮಿ. ಅವನಿಗೆ ಮಾತ್ರ ಬೊಂಬೆ ಮುರಿಯೋ ಪಕ್ಕದ್ಮನೆ ಹುಡುಗನ ಹೆಸರು.

ನಾನು: ಅಂದರೆ ಸಿಡ್‌ನಂಥ ಹುಡುಗರು ಮೊದಲು ತಿಂದು ನೋಡಿದ್ದರಿಂದ ನಿಮ್ಮ ತಟ್ಟೆಗೆ ವಿಷ ಬೀಳಲಿಲ್ಲ.

ಯಂತ್ರ: ಹಂಗೂ ಹೇಳಬಹುದು.

(ನನಗೆ ಬೇರೆ ಥರ ಹೇಳಲು ತೋಚಲಿಲ್ಲ. ಎಲ್ಲರೂ ಈ ಯಜಮಾನರ ಹಾಗೆ ಎರಡು ವರ್ಷ ಕಾದು ಕೂತರೆ, ಆ ಅರ್ಧ ಸೆಕೆಂಡನ್ನು ಗಮನಿಸುವವರು ಯಾರು?)

ನಾನು: 2008ರ ಮೇ ತಿಂಗಳ ಮಾತು ಎತ್ತಲೇ?

ಯಂತ್ರ: ಹಳೇ ಗಾಯ ಯಾಕೆ ಕೆರೀತೀರಾ? ಸರಿ, ಹೇಳ್ಬಿಡ್ತೀನಿ. ಬೀಗದ ಕೈ ಮಾಡೋ ಓಪನ್‌ಎಸ್‌ಎಸ್‌ಎಲ್ ಅನ್ನೋ ಸಾಮಾನಿನಲ್ಲಿ, ಒಂದು ಪರೀಕ್ಷೆ ಗೊಣಗ್ತೈತೆ ಅಂತ 2006ರಲ್ಲಿ ನಮ್ಮೋರೇ ಎರಡು ಸಾಲು ತೆಗೆದ್ರು. ಕೋಟ್ಯಾನುಕೋಟಿ ಥರದ ಕೀಲಿ ಹುಟ್ಟಬೇಕಾದ ಕಡೆ ಮೂವತ್ತೆರಡು ಸಾವಿರ ಚಿಲ್ಲರೆ ಮಾತ್ರ ಹುಟ್ಟಿದ್ವು. ಅದು ಸ್ಥಿರ ಆವೃತ್ತಿಯೊಳಗೇ ಒಂದು ವರ್ಷ ಸ್ಥಿರವಾಗಿ ಕೂತಿತ್ತು. ಗೊತ್ತಿರೋ ತಪ್ಪಿನ ಜೊತೆ ಬಾಳಬಹುದು ಅಂತ ನಾನು ಆಗಲೇ ಕೊಚ್ಚಿಕೊಂಡೆನಲ್ಲ, ಈ ತಪ್ಪು 2008ರ ಮೇನಲ್ಲಿ ಬಯಲಾಗೋವರೆಗೆ ಗೊತ್ತೇ ಇರಲಿಲ್ಲ.

ನಾನು: ಕಾಸರಗೋಡಿನಲ್ಲಿ ನಿಮ್ಮ ನೆಂಟರಿದ್ದಾರೆಂದು ಕೇಳಿದ್ದೆ.

ಯಂತ್ರ: ಇದಾರೆ. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳು ಕಲಿಯೋದು ಕೇರಳದ ‘ಕೈಟ್’ ಸಂಸ್ಥೆಯ ಲಿನಕ್ಸ್ ಮೇಲೆ. ಅದರ ಬುಡ ಉಬುಂಟುವಿನ 22.04, ಐದು ವರ್ಷ ಸಾಕೋ ಆವೃತ್ತಿ. ಉಬುಂಟುವಿನ ಬುಡ ನಾವೇ. ಪಾಠಪುಸ್ತಕದಲ್ಲಿ ಪರದೆಯ ಚಿತ್ರ ಅಚ್ಚಾಗಿರುತ್ತೆ ಸ್ವಾಮಿ. ಮೇಷ್ಟ್ರು ‘ಮೇಲಿನ ಎಡಮೂಲೆ ಒತ್ರೋ’ ಅಂದಾಗ ಮೆನು ಬಲಕ್ಕೆ ಓಡಿಹೋಗಿದ್ರೆ ನಲವತ್ತು ಮಕ್ಕಳನ್ನ ಹಿಡಿಯೋರ‍್ಯಾರು?

ನಾನು: ಆ ಅಟ್ಟದ ಮೇಲೆ ಧೂಳು ಹಿಡಿದು ಕೂತವರು?

ಯಂತ್ರ: ನಮ್ಮಣ್ಣ. 32 ಬಿಟ್ಟಿನೋನು. ನನ್ನಿಂದ ಮೇಲಕ್ಕೆ ಅವನಿಗೆ ದಾರಿ ಇಲ್ಲ. ಹದಿಮೂರರಲ್ಲಿ ಅವನ ಜಾತಿಯ ಯಂತ್ರಕ್ಕೆ ಕರ್ನಲ್ಲೂ ಇಲ್ಲ, ಇನ್‌ಸ್ಟಾಲರ‍್ರೂ ಇಲ್ಲ. ಹಳಬರನ್ನ ಕೈಬಿಡಲ್ಲ ಅಂತ ಹೆಸರು ಮಾಡಿದ ಮನೆ ನಮ್ದು. ಒಂದಿನ ಬಿಡುತ್ತೆ.

(ಯುಪಿಎಸ್ ಈಗ ಬಿಡದೆ ಕೂಗತೊಡಗಿತು.)

ನಾನು: ಬೇಗ ಹೇಳಿ, ನೀವು ಹದಿಮೂರಕ್ಕೆ ಹೋಗೋದು ಯಾವಾಗ?

ಯಂತ್ರ: ಶನಿವಾರ ಮಾಡೋಣ ಅಂದಿದಾರೆ ಮಾಲೀಕರು.

ನಾನು: ಶನಿವಾರವೇ? ಕಾಲಿಡೋಕೆ ಜಾಗ ಇಲ್ಲದ ದಿನ?

ಯಂತ್ರ: ಅದಕ್ಕೇ ಇನ್ನೂ ಆಗಿಲ್ಲ.

ಅಷ್ಟರಲ್ಲಿ ಕರೆಂಟು ಬಂತು. ಮಾಲೀಕರು ಬಾಯೊರೆಸಿಕೊಳ್ಳುತ್ತಾ ಒಳಬಂದು, ನನ್ನ ಮೊಬೈಲು ಇಸಿದುಕೊಂಡು, ಗಲ್ಲಾಪೆಟ್ಟಿಗೆಯ ಕೆಳಗಿನಿಂದ ಯಾರದೋ ಗೃಹಪ್ರವೇಶದ ಹಾಳೆ ತೆಗೆದು ಪ್ರಿಂಟರಿನ ಬಾಯಿಗಿಟ್ಟರು. ಅದು ಹೋದ ಹಾಗೇ ಹೊರಬಂತು. ಆಮೇಲೆ ನನ್ನ ಆಧಾರ್, ಎರಡು ಕಾಪಿ.