ಬೇಸಿಗೆ ರಜೆಯ ಅಪೊಸ್ತಲ

ಬೆಂಗಳೂರಿನಲ್ಲಿ ಸೆಮಿಸ್ಟರ್ ಪರೀಕ್ಷೆ ಮುಗಿದು ಇಂಟರ್ನ್‌ಶಿಪ್ ಶುರುವಾಗುವ ನಡುವೆ ಹತ್ತು ದಿನ ಬಿಡುವಿರುತ್ತದೆ. ಆ ಬಿಡುವಿನಲ್ಲಿ ಒಂದು ಜಾತಿಯ ಹುಡುಗನಿಗೆ ಲೋಕೋದ್ಧಾರದ ಯೋಚನೆ ಹತ್ತುತ್ತದೆ. "ಕರ್ತನು ನನ್ನ ಹೃದಯದಲ್ಲಿ ಹಳ್ಳಿಗಳ ಭಾರ ಇಟ್ಟಿದ್ದಾನೆ" ಎಂದು ಭಾನುವಾರ ಸಭೆಯ ಮುಂದೆ ಗದ್ಗದನಾಗಿ ಹೇಳುತ್ತಾನೆ. ಕರ್ತನಾದರೂ ಲೆಕ್ಕ ಬಲ್ಲವನು; ಹತ್ತು ದಿನಕ್ಕೆ ತಕ್ಕಷ್ಟೇ ಭಾರ ಇಟ್ಟಿರುತ್ತಾನೆ. ಹನ್ನೊಂದನೇ ದಿನ ಅದು ತಾನಾಗಿ ಇಳಿಯುತ್ತದೆ. ಹೋಗುವ ಊರುಗಳೂ ಹದವಾಗಿವೆ: ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟ. ನೆಟ್‌ವರ್ಕ್ ಸಿಗುವಷ್ಟು ಹತ್ತಿರ, ಫೋಟೋದಲ್ಲಿ ಹಳ್ಳಿಯಂತೆ ಕಾಣುವಷ್ಟು ದೂರ.

ಇವನನ್ನು ಗುರುತಿಸಲು ಕಷ್ಟಪಡಬೇಕಿಲ್ಲ. ಟೆಂಪೋ ಟ್ರಾವೆಲರಿನಿಂದ ಒಂದೇ ಬಣ್ಣದ ಟೀ ಶರ್ಟಿನ ಹದಿನೈದು ಮಂದಿ ಇಳಿದರೆ, ಅವರಲ್ಲಿ ಗಿಟಾರು ಹೊತ್ತವನು ಇವನೇ. ಕನ್ನಡದಲ್ಲಿ ಮೂರು ವಾಕ್ಯ ಉರು ಹೊಡೆದಿರುತ್ತಾನೆ: "ಹೇಗಿದ್ದೀರಾ", "ಯೇಸು ನಿಮ್ಮನ್ನು ಪ್ರೀತಿಸುತ್ತಾನೆ", "ಬಾತ್‌ರೂಮ್ ಎಲ್ಲಿದೆ". ದಿನ ಕಳೆದಂತೆ ಮೊದಲೆರಡು ಹಿಂದೆ ಬಿದ್ದು ಮೂರನೆಯದೇ ನಾಲಿಗೆಯ ಮೇಲೆ ನಿಲ್ಲುತ್ತದೆ. 1853ರಲ್ಲಿ ಈ ದೇಶಕ್ಕೆ ಬಂದ ಮಿಷನರಿ ಕಿಟೆಲ್ ಸಾಹೇಬರ ಕನ್ನಡ ನಿಘಂಟು ಅಚ್ಚಾಗಿದ್ದು 1894ರಲ್ಲಿ. ನಮ್ಮ ಹುಡುಗನ ಸೇವಾ ಚರಿತ್ರೆ ಗಾಡಿ ಇಳಿದ ಕಾಲು ಗಂಟೆಗೆ ಇನ್‌ಸ್ಟಾಗ್ರಾಮಿನಲ್ಲಿ ಅಚ್ಚಾಗಿರುತ್ತದೆ.

ಇಳಿದ ಕೂಡಲೇ ಊರಿನ ಅಯ್ಯಗಾರು, ಅಂದರೆ ಸಭಾಪಾಲಕರು, ಮೊದಲ ಉಪದೇಶ ಕೊಡುತ್ತಾರೆ: "ಹಾಡು, ಕುಣಿತ ಎಲ್ಲ ಕಾಂಪೌಂಡಿನೊಳಗೇ ಇರಲಿ ಕಣ್ರಪ್ಪ. ನೀವು ಹತ್ತು ದಿನಕ್ಕೆ ಹೊರಡ್ತೀರಿ. ಊರವರ ಮುಖ ನೋಡ್ಕೊಂಡು ಬಾಳಬೇಕಾದವನು ನಾನು." ಹುಡುಗ ಇದನ್ನು 'ಹಿಂಸೆಯ ನಡುವೆ ಸಾಕ್ಷಿ' ಎಂದು ಡೈರಿಯಲ್ಲಿ ಬರೆದುಕೊಳ್ಳುತ್ತಾನೆ.

ಚಿಕ್ಕಬಳ್ಳಾಪುರದಲ್ಲಿ ಲಂಡನ್ ಮಿಷನ್ನಿನವರು ಕಟ್ಟಿದ ಹಳೆಯ ಆಸ್ಪತ್ರೆಯಿದೆ, ಈಗಿನ ಸಿಎಸ್‌ಐ ಆಸ್ಪತ್ರೆ. ಅದರ ಗೇಟಿನ ಮುಂದೆ ನಿಂತು ತಂಡ ಫೋಟೋ ತೆಗೆಸಿಕೊಳ್ಳುತ್ತದೆ. ಪಕ್ಕದ ಹಳ್ಳಿಯ ಬಿ.ಪಿ. ಶಿಬಿರದಲ್ಲಿ ಇವನಿಗೆ ಹೆಸರು ಬರೆಯುವ ಕೆಲಸ. ಪಟ್ಟಿಯಲ್ಲಿರುವ ಮುನಿವೆಂಕಟಪ್ಪ ಒಬ್ಬರೋ ಇಬ್ಬರೋ ಎಂದು ಇವನು ವಿಚಾರಿಸಿಕೊಳ್ಳುವ ಹೊತ್ತಿಗೆ ಸಾಲಿನಲ್ಲಿ ನಿಂತವರೆಲ್ಲರ ಬಿ.ಪಿ. ಏರಿರುತ್ತದೆ.

ಗೌರಿಬಿದನೂರಿನ ಕಡೆ ಮಕ್ಕಳಿಗೆ ಟೂತ್‌ಬ್ರಷ್ ಹಂಚುವ ಕಾರ್ಯಕ್ರಮ. ಒಬ್ಬ ಹುಡುಗನ ಕಂದು ಹಲ್ಲು ನೋಡಿ ಇವನ ಕರುಳು ಚುರುಕ್ಕೆನ್ನುತ್ತದೆ. "ದಿನಾ ಎರಡು ಸಲ ಉಜ್ಜು, ಪಾಪ ತೊಳೆದ ಹಾಗೆ ಬೆಳ್ಳಗಾಗುತ್ತೆ." ಹುಡುಗ ಬ್ರಷ್ಷನ್ನು ಜೇಬಿಗಿಳಿಸಿ, "ಅಣ್ಣಾ, ಇದು ಕೊಳೆ ಅಲ್ಲ, ಫ್ಲೋರೈಡು. ಬೋರ್‌ವೆಲ್ ನೀರಿಂದ ಬರೋದು. ಒಂದು ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಬಾರದು ಅಂತ ನಮ್ಮ ಸೈನ್ಸ್ ಮಿಸ್ ಹೇಳವ್ರೆ. ನೀವು ಯಾವ ನೀರು ಕುಡೀತೀರಿ?" ಎನ್ನುತ್ತಾನೆ. ಇವನು ಕೈಯಲ್ಲಿದ್ದ ಬಿಸ್ಲೇರಿ ಬಾಟಲಿಯನ್ನು ಬೆನ್ನ ಹಿಂದೆ ಸರಿಸುತ್ತಾನೆ. ಅದು ಎಚ್. ನರಸಿಂಹಯ್ಯನವರ ತಾಲ್ಲೂಕು. ಓದಬೇಕೆಂದು ಇಲ್ಲಿಂದ ಬೆಂಗಳೂರಿಗೆ ನಡೆದೇ ಹೋಗಿ, ಮುಂದೆ ಕುಲಪತಿಯಾಗಿ, ಜೀವಮಾನವಿಡೀ ಪ್ರಶ್ನೆ ಕೇಳುವುದನ್ನೇ ಕಲಿಸಿದವರ ನೆಲ. ಕಲಿಸಲೆಂದು ಎ.ಸಿ. ಗಾಡಿಯಲ್ಲಿ ಬಂದವನಿಗೆ ಅಲ್ಲಿ ಸ್ವಲ್ಪ ಕಷ್ಟವೇ.

ಚಿಂತಾಮಣಿಯಲ್ಲಿ ಕಷ್ಟ ಬೇರೆ. ದಾರಿ ತಪ್ಪಿದ ಮಗನ ನಾಟಕವನ್ನು ತಂಡ ಕನ್ನಡದಲ್ಲಿ ಕಲಿತುಕೊಂಡು ಬಂದಿದೆ. ಮುಂದಿನ ಸಾಲಿನ ಅಜ್ಜಿಯರು ಮಾತಾಡುವುದೆಲ್ಲ ತೆಲುಗು. ಕೈವಾರದ ತಾತಯ್ಯನವರು ಎರಡೂ ಭಾಷೆಯಲ್ಲಿ ಹಾಡಿ ಹೋದ ಸೀಮೆಯಿದು ಎಂದು ಇವರಿಗೆ ಯಾರೂ ಹೇಳಿರಲಿಲ್ಲ. ಆದರೂ ಅಜ್ಜಿಯರು ಮಗನಿಗಾಗಿ ಕಣ್ಣೀರು ಹಾಕಿದರು. ಕಥೆ ಅವರಿಗೆ ಮೊದಲೇ ಗೊತ್ತು. ಅವರ ಮಕ್ಕಳೂ ಬೆಂಗಳೂರಿನಲ್ಲೇ ಇದ್ದಾರೆ.

ಇವನ ಮಹಿಮೆ ಪೂರ್ತಿಯಾಗಿ ಪ್ರಕಟವಾಗುವುದು ಶಿಡ್ಲಘಟ್ಟದಲ್ಲಿ. ಉಳಿದುಕೊಂಡ ಮನೆಯಲ್ಲಿ ರೇಷ್ಮೆ ಹುಳ ಸಾಕುತ್ತಾರೆ. ಡಿಯೋಡರೆಂಟು, ಸೊಳ್ಳೆಗೆ ಹಚ್ಚುವ ಮುಲಾಮು ಎರಡರ ಘಮಲಿನೊಂದಿಗೆ ಬಂದವನನ್ನು ಮನೆಯ ಅಜ್ಜಿ ಹುಳದ ಮನೆಯ ಬಾಗಿಲಲ್ಲೇ ತಡೆದು, ಸ್ನಾನ ಮಾಡಿಸಿ, ಸುಣ್ಣದ ಪುಡಿ ತುಳಿಸಿ ಒಳಗೆ ಬಿಡುತ್ತಾಳೆ. ಪಾಪಿಗಳನ್ನು ಶುದ್ಧಿ ಮಾಡಲು ಬಂದವನ ಶುದ್ಧೀಕರಣ ಹೀಗೆ ಆಗುತ್ತದೆ. ಒಳಗೆ ನೋಡಿದರೆ ಸಾವಿರಾರು ಹುಳ ತಲೆಯೆತ್ತಿ, ಸೊಪ್ಪು ಮುಟ್ಟದೆ, ಅಲ್ಲಾಡದೆ ಕೂತಿವೆ. ಇವನ ಎದೆ ಧಸಕ್ಕೆಂದಿತು. ಬಡವರ ಮನೆಯ ಅನ್ನಕ್ಕೆ ಸಂಚಕಾರ! ಅಲ್ಲೇ ಮೊಣಕಾಲೂರಿ ಇಂಗ್ಲಿಷಿನಲ್ಲಿ ಪ್ರಾರ್ಥನೆ ಶುರುಮಾಡಿದ.

"ಅಳಬ್ಯಾಡ ನಾಯ್ನಾ. ಜ್ವರಕ್ಕೆ ಕೂತವೆ, ನಾಲ್ಕನೇದು. ಪೊರೆ ಬಿಟ್ಟು ನಾಳೆ ಏಳ್ತವೆ" ಎಂದಳು ಅಜ್ಜಿ. ಹುಳ ಗೂಡು ಕಟ್ಟುವ ಮುಂಚೆ ನಾಲ್ಕು ಸಲ ಹೀಗೆ ಕೂತು ಪೊರೆ ಬಿಡುತ್ತದೆಂಬುದು ಆ ಮನೆಯ ಒಂದನೇ ಕ್ಲಾಸಿನ ಮಗುವಿಗೂ ಗೊತ್ತು. ಇವನ ಕಿವಿಗೆ ಬಿದ್ದದ್ದು 'ಜ್ವರ' ಒಂದೇ. ಪ್ರಾರ್ಥನೆ ಇನ್ನಷ್ಟು ಗಟ್ಟಿಯಾಯಿತು. ಮಾರನೇ ದಿನ ಹುಳುಗಳು ಎದ್ದು, ಹಿಪ್ಪುನೇರಳೆ ಸೊಪ್ಪನ್ನು ಮಳೆ ಹೊಯ್ದ ಹಾಗೆ ಸದ್ದು ಮಾಡುತ್ತ ಮೇಯತೊಡಗಿದವು. ಬೆಂಗಳೂರಿನ ಸಭೆಯಲ್ಲಿ ಈ ಸಾಕ್ಷಿ ಕೇಳಿ ಮುಂದಿನ ಸಾಲಿನವರು ಎದ್ದು ಚಪ್ಪಾಳೆ ತಟ್ಟಿದರು.

ಹಾಗೆಂದು ಇವನು ಕೆಟ್ಟವನಲ್ಲ. ಉಳಿದ ದಿನಗಳಲ್ಲಿ ಬೆಳಗಿನ ಜಾವವೇ ಎದ್ದು ಸೊಪ್ಪು ಹೊತ್ತ, ಮುದ್ದೆಯನ್ನು ಅಗಿಯದೆ ನುಂಗಲು ಕಲಿತ, ಅಜ್ಜಿಯ ಮೊಬೈಲಿಗೆ ದೊಡ್ಡ ಅಕ್ಷರ ಹಾಕಿಕೊಟ್ಟ. ವರದಿಯಲ್ಲಿ ಇದ್ಯಾವುದಕ್ಕೂ ಜಾಗ ಸಿಗಲಿಲ್ಲ. ಕೊಟ್ಟದ್ದನ್ನು ಬರೆಯಲು ಅಂಕಣವಿತ್ತು, ಪಡೆದದ್ದಕ್ಕೆ ಇರಲಿಲ್ಲ. ಹತ್ತು ದಿನ ಅವನಿಗೆ ಉಣ್ಣಿಸಿ, ಮಲಗಿಸಿ, ತಪ್ಪು ತಿದ್ದಿ, ನಗು ತಡೆದುಕೊಂಡ ಊರಿನದೂ ಒಂದು ಮಿಷನ್ ಸೇವೆಯೇ. ಅದಕ್ಕೆ ಟೀ ಶರ್ಟಿಲ್ಲ, ಅಷ್ಟೇ.

ಹೊರಡುವಾಗ ಹುಡುಗ ಕೇಳಿದ: "ಅಯ್ಯಗಾರೇ, ಮುಂದಿನ ವರ್ಷ ಏನು ತರಲಿ?"

"ಏನೂ ಬೇಡಪ್ಪ, ಒಂದು ತಿಂಗಳು ಪುರಸೊತ್ತು ಮಾಡ್ಕೊಂಡು ಬಾ. ಹುಳ ಗೂಡು ಕಟ್ಟೋಕೇ ತಿಂಗಳು ಬೇಕು. ನೀನು ಹತ್ತು ದಿನದಲ್ಲಿ ಮನುಷ್ಯರನ್ನ ಕಟ್ಟೋಕೆ ನೋಡ್ತೀಯ."

ಹುಡುಗ ತಲೆದೂಗಿದ, ಕಣ್ಣು ಒದ್ದೆಯಾಯಿತು. ಡೈರಿ ತೆಗೆದು ಆ ಮಾತನ್ನು ಬರೆದುಕೊಂಡ. ಆಮೇಲೆ ಫೋನಿನಲ್ಲಿ ಕ್ಯಾಲೆಂಡರು ನೋಡಿ ಹೇಳಿದ: "ಒಂದು ತಿಂಗಳು ಕಷ್ಟ ಅಯ್ಯಗಾರೇ, ಪ್ಲೇಸ್‌ಮೆಂಟ್ ಇದೆ. ಹನ್ನೆರಡು ದಿನ ಮಾಡಬಹುದು."